ನಿಮ್ಮ ಹೊಲಕ್ಕೆ ಸುಣ್ಣ ಬೇಕಾ? ಐದು ಗುಂಟೆಯಲ್ಲಿ ಕೇಳಿ ನೋಡುವ ಬಗೆ

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅಪ್ಪ ಒಂದು ಸಲ ಆಲೂಗಡ್ಡೆ ಹೊಲಕ್ಕೆ ಸುಣ್ಣ ಎರಚಿದ್ದರು. ಗಡ್ಡೆ ಕಿತ್ತಾಗ ಸಿಪ್ಪೆಯ ಮೇಲೆಲ್ಲ ಕಜ್ಜಿ. ಹಾಸನದ ಮಾರ್ಕೆಟ್ಟಿಗೆ ಒಯ್ದರೆ ಅರ್ಧ ರೇಟಿಗೂ ಕೇಳುವವರಿಲ್ಲ. ಅವತ್ತಿನಿಂದ ಅಪ್ಪನದು ಒಂದೇ ಮಾತು: "ನಮ್ಮ ಭೂಮಿಗೆ ಸುಣ್ಣ ಒಗ್ಗಲ್ಲ ಕಣ್ರೋ." ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಆಲೂರು ತಾಲ್ಲೂಕಿನ ನಮ್ಮ ಊರಲ್ಲಿ ಆ ಮಾತು ಮಾತ್ರ ಇನ್ನೂ ಓಡಾಡುತ್ತಿದೆ.

ಅಪ್ಪ ಕಂಡದ್ದು ಸುಳ್ಳಲ್ಲ. ಸುಣ್ಣ ಹಾಕಿದಾಗ ಮಣ್ಣಿನ ಹುಳಿ ಕಡಿಮೆಯಾಗುತ್ತದೆ. ಆಲೂಗಡ್ಡೆಗೆ ಕಜ್ಜಿ ತರುವ ಸೂಕ್ಷ್ಮಜೀವಿಗೆ ಹುಳಿ ಮಣ್ಣು ಆಗದು, ಹುಳಿ ಇಳಿದರೆ ಅದು ಚೆನ್ನಾಗಿ ಬೆಳೆಯುತ್ತದೆ. ಆದರೆ ಅದು ಆಲೂಗಡ್ಡೆಯ ಮಾತು, ಭೂಮಿಯ ಮಾತಲ್ಲ. ಅದೇ ಹೊಲದಲ್ಲಿ ಈಗ ನಾವು ಮುಸುಕಿನ ಜೋಳ ಹಾಕುತ್ತೇವೆ. ಜೋಳಕ್ಕೆ ಆ ಸುಣ್ಣ ಏನು ಮಾಡುತ್ತದೆ ಅಂತ ಅಪ್ಪ ಕೇಳಿ ನೋಡಲೇ ಇಲ್ಲ.

ನಾನು 31 ವರ್ಷ ಬೇಸಾಯ ಸಂಶೋಧನೆಯಲ್ಲಿ ಇದ್ದೆ. ಕೆಲಸವೆಲ್ಲ ಹೀಗೆ ಕೇಳಿ ನೋಡುವುದೇ ಆಗಿತ್ತು. ಮಣ್ಣಿಗೆ ಇದು ಬೇಕಾ, ಬೆಳೆಗೆ ಅದು ಸಾಕಾ, ಎಷ್ಟು ಹಾಕಿದರೆ ದುಡ್ಡು ವಾಪಸ್ಸು ಬರುತ್ತದೆ? ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಅಪ್ಪನ ಹೊಲದಲ್ಲೇ ಐದು ಗುಂಟೆ ಬಿಡಿಸಿಕೊಂಡು ಸುಣ್ಣದ ಪ್ರಶ್ನೆ ಕೇಳಿದೆ. ಅದನ್ನು ನೀವೂ ಮಾಡಬಹುದು. ಲ್ಯಾಬ್ ಬೇಡ, ಡಿಗ್ರಿ ಬೇಡ. ಒಂದು ಟೇಪು, ಹಗ್ಗ, ಗೂಟ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ನೋಟ್‌ಬುಕ್ ಇದ್ದರೆ ಸಾಕು. ತಾಳ್ಮೆ ಮಾತ್ರ ಮೂರು ವರ್ಷಕ್ಕಾಗುವಷ್ಟು ಬೇಕು.

ಮೊದಲು ಮಣ್ಣು ಪರೀಕ್ಷೆ

ನಮ್ಮ ಜಿಲ್ಲೆಯಲ್ಲಿ ಪಶ್ಚಿಮಕ್ಕೆ ಹೋದಷ್ಟೂ ಮಣ್ಣು ಹುಳಿ. ಸಕಲೇಶಪುರದ ಘಟ್ಟದ ಅಂಚಲ್ಲಿ ಮಳೆ 2000 ಮಿ.ಮೀ. ದಾಟುತ್ತದೆ, ಅರಸೀಕೆರೆ ಕಡೆ 700ರ ಆಸುಪಾಸು. ಜಾಸ್ತಿ ಮಳೆ ಬಿದ್ದ ಕಡೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ತೊಳೆದು ಹೋಗುತ್ತವೆ. ಮೇಲಿಂದ ವರ್ಷಾ ವರ್ಷ ಯೂರಿಯಾ ಹಾಕಿದರೆ ಹುಳಿ ಇನ್ನಷ್ಟು ಏರುತ್ತದೆ. ಅರಸೀಕೆರೆಯವರಿಗೆ ಈ ಪ್ರಯೋಗ ಬಹುಶಃ ಬೇಕಾಗುವುದೇ ಇಲ್ಲ. ಆಲೂರು, ಸಕಲೇಶಪುರ, ಮೂಡಿಗೆರೆಯವರಿಗೆ ಬೇಕು.

ಹೊಲದಲ್ಲಿ ಹಾವು ಹರಿದ ಹಾಗೆ ಅಡ್ಡಡ್ಡ ನಡೆಯುತ್ತಾ ಎಂಟು ಹತ್ತು ಕಡೆ ಗುರುತು ಮಾಡಿ. ಬದುವಿನ ಪಕ್ಕ, ಮರದ ಬುಡ, ತಿಪ್ಪೆ ಇದ್ದ ಜಾಗ ಬೇಡ. ಪ್ರತಿ ಗುರುತಿನಲ್ಲೂ ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಅಕ್ಷರದ ಆಕಾರಕ್ಕೆ ಆರು ಇಂಚು ಗುಂಡಿ ತೆಗೆಯಿರಿ. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಇಂಚು ದಪ್ಪದ ಹೋಳು ಕೆತ್ತಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ತಗಡಿನ ಬಕೆಟ್ ಬೇಡ, ಅದರ ಮೇಲಿನ ಸತುವಿನ ಲೇಪ ಮಣ್ಣಿಗೆ ಸೇರಿ ಸತುವಿನ ಲೆಕ್ಕ ತಪ್ಪಾಗುತ್ತದೆ. ಎಲ್ಲ ಚೆನ್ನಾಗಿ ಕಲಸಿ, ಗೋಣಿಯ ಮೇಲೆ ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಎಸೆಯಿರಿ. ಅರ್ಧ ಕೆ.ಜಿ. ಉಳಿಯುವ ತನಕ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ಹಾಕಿ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿದರೆ ಎಲ್ಲಿ ಕೊಡಬೇಕು ಅಂತ ಹೇಳುತ್ತಾರೆ.

ವರದಿ ಬಂದಾಗ ಮೊದಲು ಪಿಎಚ್ ಅಂಕಿ ನೋಡಿ. ಮಣ್ಣಿನ ಹುಳಿ ತೋರಿಸುವ ಅಂಕಿ ಅದು, ಕೆಳಗಿಳಿದಷ್ಟೂ ಹುಳಿ ಜಾಸ್ತಿ. ಕೆಲವರು ರಸಸಾರ ಅಂತ ಬರೆದಿರುತ್ತಾರೆ. 5 ಅಂತ ಇದ್ದರೆ 6ಕ್ಕಿಂತ ಹತ್ತು ಪಟ್ಟು ಹುಳಿ ಅಂತ ಅರ್ಥ, ಒಂದಂಕಿಯಷ್ಟೇ ವ್ಯತ್ಯಾಸ ಅಂದುಕೊಳ್ಳಬೇಡಿ. 5.5ಕ್ಕಿಂತ ಕೆಳಗಿದ್ದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ. ಹಾಕಿದ ರಂಜಕವನ್ನು ಮಣ್ಣೇ ಹಿಡಿದಿಟ್ಟುಕೊಳ್ಳುತ್ತದೆ, ಗಿಡಕ್ಕೆ ಬಿಡುವುದಿಲ್ಲ. ಅಂಥ ಹೊಲದಲ್ಲಿ ಸುಣ್ಣದ ಪ್ರಶ್ನೆ ಕೇಳುವುದಕ್ಕೆ ಅರ್ಥವಿದೆ. 6ರ ಮೇಲಿದ್ದರೆ ಸುಣ್ಣ ಬಿಡಿ, ಬೇರೆ ಪ್ರಶ್ನೆ ಹುಡುಕಿ. ವರದಿಯಲ್ಲಿ ಸತು 0.6 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿಗೆ 0.6 ಪಾಲು) ಕಡಿಮೆ ಅಂತ ಬಂದಿದ್ದರೆ ಸತುವಿನ ಸಲ್ಫೇಟ್ ಹಾಕಿ ನೋಡಬಹುದು. ಮಾಡುವ ಬಗೆ ಇದೇ.

ಮೂರೇ ಮೂರು ಬಗೆ

ಆಸೆಗೆ ಬಿದ್ದು ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ. ಸುಣ್ಣ, ಎರೆಗೊಬ್ಬರ, ಹೊಸ ಬೀಜ, ಯಾವುದೋ ಟಾನಿಕ್ಕು ಎಲ್ಲ ಒಂದೇ ತಾಕಿಗೆ, ಅಂದರೆ ಪ್ರಯೋಗಕ್ಕೆ ಅಳೆದು ಬಿಟ್ಟ ತುಂಡು ಜಾಗಕ್ಕೆ, ಹಾಕಿದರೆ ಬೆಳೆ ಚೆನ್ನಾಗಿ ಬಂದರೂ ಯಾವುದರಿಂದ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನು ಇಟ್ಟುಕೊಂಡದ್ದು ಮೂರು. ಒಂದಕ್ಕೆ ಏನೂ ಹಾಕುವುದಿಲ್ಲ. ಇನ್ನೊಂದಕ್ಕೆ ಗೊಬ್ಬರ ಮಾತ್ರ. ಮೂರನೆಯದಕ್ಕೆ ಅದೇ ಗೊಬ್ಬರದ ಜೊತೆ ಸುಣ್ಣ. ಒಂದರಿಂದ ಮುಂದಿನದಕ್ಕೆ ಒಂದೇ ಹೆಜ್ಜೆ ವ್ಯತ್ಯಾಸ.

ಏನೂ ಹಾಕದ ತಾಕು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅಷ್ಟು ಜಾಗ ಸುಮ್ನೆ ಹಾಳು ಅಲ್ವಾ ಅಂತಾರೆ. ಇಲ್ಲ, ಇಡೀ ಪ್ರಯೋಗದಲ್ಲಿ ಅದೇ ಬೆಲೆಬಾಳುವ ಜಾಗ. ಭೂಮಿ ತಾನಾಗಿಯೇ ಎಷ್ಟು ಕೊಡುತ್ತದೆ ಅಂತ ತೋರಿಸುವುದು ಅದೊಂದೇ. ಅದಿಲ್ಲದಿದ್ದರೆ ಗೊಬ್ಬರದ ಚೀಲ ಎಷ್ಟು ಕೊಟ್ಟಿತು, ನೆಲ ಎಷ್ಟು ಕೊಟ್ಟಿತು ಅಂತ ಬೇರೆ ಮಾಡುವುದಕ್ಕೆ ಆಗುವುದಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಬೇಸಾಯ ಸಂಶೋಧನಾ ಕೇಂದ್ರದಲ್ಲಿ 1843ರಲ್ಲಿ ಶುರುವಾದ ಗೋಧಿಯ ಪ್ರಯೋಗ ಈಗಲೂ ನಡೆಯುತ್ತಿದೆ. ಅಲ್ಲಿ ಗೊಬ್ಬರವನ್ನೇ ಕಾಣದ ಒಂದು ಪಟ್ಟಿಯನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ನಮ್ಮ ಪಕ್ಕದ ಕೊಯಮತ್ತೂರಿನಲ್ಲೂ 1909ರಿಂದ ಇಂಥದೇ ಒಂದು ಪ್ರಯೋಗವಿದೆ.

ಈ ತಾಕನ್ನು ಕಾಪಾಡುವುದೇ ಕಷ್ಟ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನನ್ನದೊಂದು ರಾಗಿಯ ಪ್ರಯೋಗವಿತ್ತು. ಏನೂ ಹಾಕದ ತಾಕುಗಳಲ್ಲಿ ಪೈರು ಮಂಕಾಗಿ, ಹಳದಿಯಾಗಿ ನಿಂತಿತ್ತು. ಒಂದು ದಿನ ಹೋಗಿ ನೋಡಿದರೆ ಅದರಲ್ಲೊಂದು ಕಡು ಹಸಿರು. ಕಳೆ ಕೀಳಲು ಬರುತ್ತಿದ್ದ ಅಜ್ಜಿಯನ್ನು ಕೇಳಿದೆ. "ಪಾಪ ಕಣವ್ವ, ಹಸಕೊಂಡು ನಿಂತಿತ್ತು, ಒಂದು ಹಿಡಿ ಉಪ್ಪು ಹಾಕ್ದೆ" ಅಂದರು. ಆ ಕಡೆ ಹಳಬರು ಯೂರಿಯಾವನ್ನು ಉಪ್ಪು ಅಂತಲೇ ಕರೆಯುತ್ತಿದ್ದರು. ಅವರನ್ನು ಬೈಯುವ ಮನಸ್ಸು ಬರಲಿಲ್ಲ. ಬೆಳೆ ಹಸಿದು ನಿಂತರೆ ನೋಡಲಾಗದ ಕೈ ಅದು. ಅದಾದ ಮೇಲೆ ಪ್ರಯೋಗ ಶುರುವಾಗುವ ದಿನವೇ ಆಳುಕಾಳುಗಳನ್ನೆಲ್ಲ ಕೂರಿಸಿಕೊಂಡು, ಈ ತಾಕಿಗೆ ಯಾಕೆ ಏನೂ ಹಾಕಬಾರದು ಅಂತ ಹೇಳುವುದನ್ನು ರೂಢಿ ಮಾಡಿಕೊಂಡೆ. ನೀವೂ ಮನೆಯವರಿಗೆಲ್ಲ ಹೇಳಿ. ಅತ್ತೆ ಮಾವನಿಗೆ ಮೊದಲು ಹೇಳಿ.

ತಾಕು ಹಾಕುವುದು

ಒಂದು ತಾಕು 18 ಅಡಿ ಅಗಲ, 20 ಅಡಿ ಉದ್ದ. ಎರಡು ಅಡಿಗೊಂದು ಸಾಲು ಹಾಕಿದರೆ ಒಂಬತ್ತು ಸಾಲು, ಅಡಿಗೊಂದು ಗಿಡದಂತೆ ಸಾಲಿಗೆ ಇಪ್ಪತ್ತು ಗಿಡ. ಈ ಅಳತೆಯಲ್ಲಿ ಒಂದು ಅನುಕೂಲವಿದೆ. 18 ಇಂಟು 20 ಅಂದರೆ 360 ಚದರ ಅಡಿ, ಎಕರೆಯಲ್ಲಿ ಅಂಥವು ಸರಿಯಾಗಿ 121. ಎಕರೆ ಲೆಕ್ಕವನ್ನು 121ರಿಂದ ಭಾಗಿಸಿದರೆ ತಾಕಿನ ಲೆಕ್ಕ ಸಿಗುತ್ತದೆ.

ಮೂರು ಬಗೆಯ ಮೂರು ತಾಕು ಅಕ್ಕಪಕ್ಕ ಬಂದರೆ ಒಂದು ಪಟ್ಟಿ. ಅಂಥ ನಾಲ್ಕು ಪಟ್ಟಿ ಬೇಕು. ತಾಕುಗಳ ನಡುವೆ ಎರಡಡಿ, ಪಟ್ಟಿಗಳ ನಡುವೆ ಮೂರಡಿ ಬಿಟ್ಟು ಅಲ್ಲಿ ಒಂದಡಿ ಎತ್ತರದ ಬದು ಹಾಕಿ. ಒಟ್ಟು 58 ಅಡಿಗೆ 89 ಅಡಿ. ಐದು ಗುಂಟೆಯೊಳಗೆ ಮುಗಿಯುತ್ತದೆ.

ಪಟ್ಟಿ ಯಾವ ಕಡೆಗೆ ಬರಬೇಕು ಅನ್ನುವುದನ್ನು ದಯವಿಟ್ಟು ಗಮನವಿಟ್ಟು ಓದಿ. ನಮ್ಮ ಕಡೆ ಸಮತಟ್ಟಾದ ಹೊಲ ಅಂತ ಇಲ್ಲವೇ ಇಲ್ಲ. ಇಳಿಜಾರಿನ ಮೇಲ್ಭಾಗದ ಮಣ್ಣು ತೆಳು, ಕೆಳಭಾಗಕ್ಕೆ ಒಳ್ಳೆಯ ಮಣ್ಣು ಕೊಚ್ಚಿ ಬಂದು ಕೂತಿರುತ್ತದೆ. ನಾನು ಹೊಸದರಲ್ಲಿ ಒಂದು ಪ್ರಯೋಗವನ್ನು ನೋಡಲು ಚೆಂದ ಕಾಣಲಿ ಅಂತ ರಸ್ತೆಗೆ ಹೊಂದಿಸಿ ಹಾಕಿದ್ದೆ. ಪಟ್ಟಿ ಇಳಿಜಾರಿನ ಉದ್ದಕ್ಕೆ ಬಂತು. ಒಂದೇ ಪಟ್ಟಿಯಲ್ಲಿ ಒಂದು ತಾಕು ದಿಬ್ಬದ ಮೇಲೆ, ಇನ್ನೊಂದು ತಗ್ಗಿನಲ್ಲಿ. ಕೊಯ್ಲಾದಾಗ ನನಗೆ ಸಿಕ್ಕಿದ್ದು ಗೊಬ್ಬರದ ಉತ್ತರವಲ್ಲ, ಇಳಿಜಾರಿನ ಉತ್ತರ. ಒಂದು ವರ್ಷದ ದುಡಿಮೆ ಹೋಯಿತು. ಹಾಗಾಗಿ ಪಟ್ಟಿಯನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಿ. ಮೊದಲ ಪಟ್ಟಿ ಮೇಲೆ, ನಾಲ್ಕನೆಯದು ಕೆಳಗೆ. ಒಂದು ಪಟ್ಟಿಯೊಳಗಿನ ಮೂರೂ ತಾಕು ಒಂದೇ ಮಟ್ಟದಲ್ಲಿ ಇರಬೇಕು. ಹೋಲಿಸುವುದು ಪಟ್ಟಿಯೊಳಗೆ ಮಾತ್ರ. ಮಳೆ ಬರುವಾಗ ಹೊಲದಲ್ಲಿ ನಿಂತು ನೀರು ಯಾವ ಕಡೆ ಹರಿಯುತ್ತದೆ ನೋಡಿದರೆ ಇಳಿಜಾರು ತಾನಾಗಿ ಗೊತ್ತಾಗುತ್ತದೆ.

ಯಾವ ತಾಕಿಗೆ ಯಾವುದು ಅಂತ ನೀವು ಆರಿಸಬೇಡಿ. ಚೀಟಿ ಎತ್ತಿ. ನಮ್ಮ ಮನಸ್ಸು ನಮಗೆ ಗೊತ್ತಾಗದೆ ಸುಣ್ಣವನ್ನು ಒಳ್ಳೆಯ ಜಾಗಕ್ಕೆ ಹಾಕಿಸುತ್ತದೆ. 1919ರಲ್ಲಿ ರಾಥಮ್‌ಸ್ಟೆಡ್‌ಗೆ ಬಂದ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ ಈ ಚೀಟಿಯ ನಿಯಮವನ್ನು ಬೇಸಾಯದ ಪ್ರಯೋಗಗಳಿಗೆ ತಂದರು. ಈಗ ಔಷಧಿ ಪರೀಕ್ಷೆಗೂ ಅದೇ ನಿಯಮ. ನಮ್ಮ ಹೊಲದಲ್ಲಿ ತಂಗಿಯ ಮೊಮ್ಮಗ ಸ್ಟೀಲ್ ಲೋಟದಿಂದ ಚೀಟಿ ಎತ್ತಿದ. ಪ್ರತಿ ಪಟ್ಟಿಗೂ ಹೊಸದಾಗಿ ಎತ್ತಬೇಕು. ಗೂಟಕ್ಕೆ 1ರಿಂದ 12ರವರೆಗೆ ನಂಬರ್ ಮಾತ್ರ ಬರೆಯಿರಿ, 'ಸುಣ್ಣ' ಅಂತ ಬರೆಯಬೇಡಿ. ಯಾವ ನಂಬರಿಗೆ ಯಾವುದು ಅನ್ನುವುದು ನೋಟ್‌ಬುಕ್ಕಿನಲ್ಲಿರಲಿ. ಕೊಯ್ಲಿನ ದಿನ ತೂಕ ಮಾಡುವವರಿಗೆ ಅದು ಗೊತ್ತಿರಬಾರದು.

ಸುಣ್ಣ, ಗೊಬ್ಬರ, ಬಿತ್ತನೆ

ಸುಣ್ಣವನ್ನು ಬಿತ್ತನೆಗೆ ಮೂರು ನಾಲ್ಕು ವಾರ ಮುಂಚೆ, ಮೊದಲ ಮಳೆಯ ಹದ ಸಿಕ್ಕಾಗ ಹಾಕಿ. ಯೂರಿಯಾದ ಜೊತೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎಷ್ಟು ಅಂತ ಮಣ್ಣಿನ ವರದಿಯಲ್ಲಿದ್ದರೆ ಅದೇ ಸರಿ. ನಾನು ಎಕರೆಗೆ 4 ಕ್ವಿಂಟಾಲ್ ಕೃಷಿ ಸುಣ್ಣದ (ಪುಡಿ ಮಾಡಿದ ಸುಣ್ಣದ ಕಲ್ಲು) ಲೆಕ್ಕ ಹಿಡಿದೆ, ತಾಕಿಗೆ 3.3 ಕೆ.ಜಿ. ಬಂತು. ಗಾಳಿ ಇಲ್ಲದ ಬೆಳಗ್ಗೆ ಬಗ್ಗಿ ನೆಲಕ್ಕೆ ಹತ್ತಿರವಾಗಿ ಎರಚಿ, ಗುದ್ದಲಿಯಲ್ಲಿ ಕೊಚ್ಚಿ ಬೆರೆಸಿ. ಟ್ರ್ಯಾಕ್ಟರ್ ಹೊಡೆದರೆ ಪಕ್ಕದ ತಾಕಿಗೆ ಸುಣ್ಣ ಎಳೆದುಕೊಂಡು ಹೋಗುತ್ತದೆ. ಸುಣ್ಣ ಹಾಕದ ತಾಕುಗಳನ್ನೂ ಅಷ್ಟೇ ಆಳಕ್ಕೆ ಕೊಚ್ಚಬೇಕು. ಇಲ್ಲದಿದ್ದರೆ ಕೊಚ್ಚಿದ್ದರ ಲಾಭ ಸುಣ್ಣದ ಹೆಸರಿಗೆ ಸೇರುತ್ತದೆ. ಇದನ್ನು ತುಂಬಾ ಜನ ಮರೆಯುತ್ತಾರೆ.

ಗೊಬ್ಬರಕ್ಕೆ ನಾನು ಎಕರೆಗೆ 40 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ, 10 ಕೆ.ಜಿ. ಪೊಟ್ಯಾಷ್ ಹಿಡಿದೆ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ, ಸೂಪರ್ ಫಾಸ್ಫೇಟಿನಲ್ಲಿ 16 ರಂಜಕ, ಕೆಂಪು ಪೊಟ್ಯಾಷಿನಲ್ಲಿ 60. ಲೆಕ್ಕ ಹಾಕಿದರೆ ಒಂದು ತಾಕಿಗೆ ಯೂರಿಯಾ 720 ಗ್ರಾಂ, ಸೂಪರ್ 1 ಕೆ.ಜಿ. 35 ಗ್ರಾಂ, ಪೊಟ್ಯಾಷ್ 138 ಗ್ರಾಂ. ಯೂರಿಯಾದಲ್ಲಿ ಅರ್ಧ ಬಿತ್ತುವಾಗ, ಉಳಿದರ್ಧ ತಿಂಗಳಾದ ಮೇಲೆ ಮೇಲ್ಗೊಬ್ಬರವಾಗಿ. ಅಂದರೆ ಸಾಲಿಗೆ ಒಂದು ಸಲಕ್ಕೆ 40 ಗ್ರಾಂ. ಇದನ್ನೆಲ್ಲ ಹಿಂದಿನ ರಾತ್ರಿ ಮನೆಯಲ್ಲೇ ತೂಗಿ, ಸಾಲಿಗೊಂದರಂತೆ ಪೊಟ್ಟಣ ಕಟ್ಟಿ. ಹೊಲದಲ್ಲಿ ಕೈ ಅಂದಾಜು ಬೇಡವೇ ಬೇಡ. ಹಿಡಿ ಅನ್ನುವುದು ಒಬ್ಬೊಬ್ಬರದು ಒಂದೊಂದು ಅಳತೆ, ಬೆಳಗ್ಗಿನ ಹಿಡಿಯೂ ಮಧ್ಯಾಹ್ನದ ಹಿಡಿಯೂ ಒಂದೇ ಅಲ್ಲ.

ಬೀಜ ಒಂದೇ ಚೀಲದ್ದು, ಬಿತ್ತನೆ ಒಂದೇ ದಿನ. ಕಳೆ, ಮಣ್ಣು ಏರಿಸುವುದು ಎಲ್ಲವೂ ಹನ್ನೆರಡು ತಾಕಿಗೂ ಒಂದೇ ಸಮ. ಒಂದೇ ದಿನದಲ್ಲಿ ಮುಗಿಯದಿದ್ದರೆ ಒಂದು ಪಟ್ಟಿ ಪೂರ್ತಿ ಮುಗಿಸಿ ನಿಲ್ಲಿಸಿ, ಪಟ್ಟಿಯ ಮಧ್ಯದಲ್ಲಿ ಬಿಟ್ಟು ಏಳಬೇಡಿ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಾಣಿಸಿಕೊಂಡ ಸೈನಿಕ ಹುಳು ಈಗ ನಮ್ಮಲ್ಲೂ ಇದೆ. ಸುಳಿಯಲ್ಲಿ ಅದರ ಹಿಕ್ಕೆ ಕಂಡರೆ ಎಲ್ಲ ತಾಕಿಗೂ ಒಟ್ಟಿಗೇ ಔಷಧಿ ಹೊಡೆಯಿರಿ.

ಆನೆಯ ಬಗ್ಗೆ ಹೇಳದೆ ಇರಲಾಗದು. ಎರಡನೇ ವರ್ಷ ತೆನೆ ಹಾಲುಗಟ್ಟಿದ್ದಾಗ ಒಂದು ರಾತ್ರಿ ನಾಲ್ಕನೇ ಪಟ್ಟಿಯ ಎರಡು ತಾಕು ತುಳಿದು ಹೋಗಿದ್ದವು. ಉಳಿದ ನಾಲ್ಕೈದು ಗಿಡ ನೋಡಿ ಇಷ್ಟು ಬರುತ್ತಿತ್ತು ಅಂತ ಊಹೆಯ ಅಂಕಿ ಬರೆಯಬೇಡಿ. 'ಆನೆ, ತೂಕ ಇಲ್ಲ' ಅಂತ ದಿನಾಂಕ ಹಾಕಿ ಬರೆದು, ಆ ಪಟ್ಟಿಯನ್ನು ಆ ವರ್ಷದ ಲೆಕ್ಕದಿಂದ ಬಿಡಿ. ನಾಲ್ಕು ಪಟ್ಟಿ ಹಾಕುವುದು ಇಂಥದ್ದಕ್ಕೂ ಆಗುತ್ತದೆ, ಒಂದು ಹೋದರೂ ಮೂರು ಉಳಿಯುತ್ತವೆ.

ಕೊಯ್ಲು ಮತ್ತು ಲೆಕ್ಕ

ತಾಕಿನ ಅಂಚಿನ ಗಿಡಗಳನ್ನು ತೂಕಕ್ಕೆ ಹಿಡಿಯಬಾರದು. ಅವಕ್ಕೆ ಬಿಸಿಲು ಜಾಸ್ತಿ, ಬೇರು ಪಕ್ಕದ ತಾಕಿನ ಗೊಬ್ಬರ ಹುಡುಕಿಕೊಂಡು ಹೋಗಿರುತ್ತದೆ. ಎರಡೂ ಪಕ್ಕದ ಒಂದೊಂದು ಸಾಲು, ಪ್ರತಿ ಸಾಲಿನ ಎರಡೂ ತುದಿಯ ಎರಡೆರಡು ಗಿಡ ಮೊದಲೇ ಮುರಿದು ಬೇರೆ ಹಾಕಿ. ಉಳಿಯುವುದು ಏಳು ಸಾಲು, ಸಾಲಿಗೆ ಹದಿನಾರು ಗಿಡ, ಅಂದರೆ 224 ಚದರ ಅಡಿ. ಅಲ್ಲಿಯ ತೆನೆಯನ್ನು ನಂಬರ್ ಚೀಟಿ ಹಾಕಿದ ಚೀಲಕ್ಕೆ ತುಂಬಿ. ಎಲ್ಲ ಚೀಲದ ತೆನೆಯನ್ನೂ ಒಂದೇ ಕಣದಲ್ಲಿ ಅಷ್ಟೇ ದಿನ ಒಣಗಿಸಿ, ಬಿಡಿಸಿ, ಕಾಳು ತೂಗಿ. ಹಸಿ ತೂಕ ನಂಬಬೇಡಿ, ನೀರಿನ ತೂಕವೇ ಮೋಸ ಮಾಡುತ್ತದೆ. ತಾಕಿನ 1 ಕೆ.ಜಿ. ಎಕರೆಗೆ ಸುಮಾರು 194 ಕೆ.ಜಿ. ಆಗುತ್ತದೆ.

ಈಗ ಪ್ರತಿ ಪಟ್ಟಿಯಲ್ಲೂ ಸುಣ್ಣ ಹಾಕಿದ ತಾಕಿನ ತೂಕದಿಂದ ಗೊಬ್ಬರ ಮಾತ್ರದ ತಾಕಿನ ತೂಕ ಕಳೆಯಿರಿ. ನಾಲ್ಕು ವ್ಯತ್ಯಾಸ ಸಿಗುತ್ತದೆ. ಉದಾಹರಣೆಗೆ 1.4, 0.9, 1.3, 0.4 ಕೆ.ಜಿ. ಅಂತ ಇಟ್ಟುಕೊಳ್ಳಿ. ಸರಾಸರಿ 1 ಕೆ.ಜಿ., ನಾಲ್ಕೂ ಕಡೆ ಸುಣ್ಣವೇ ಮುಂದೆ. ಇನ್ನೊಬ್ಬರ ಹೊಲದಲ್ಲಿ 3.0 ಜಾಸ್ತಿ, 1.2 ಕಡಿಮೆ, 2.4 ಜಾಸ್ತಿ, 0.2 ಕಡಿಮೆ ಅಂತ ಬಂತು ಅನ್ನಿ. ಅಲ್ಲೂ ಸರಾಸರಿ ಸರಿಯಾಗಿ 1 ಕೆ.ಜಿ. ಆದರೆ ಎರಡೂ ಒಂದೇ ಉತ್ತರವಲ್ಲ. ಮೊದಲನೆಯದನ್ನು ನಂಬುವ ಕಡೆಗೆ ವಾಲಬಹುದು. ಎರಡನೆಯದರಲ್ಲಿ ಸುಣ್ಣಕ್ಕಿಂತ ಬೇರೆ ಏನೋ ಆಟ ಆಡುತ್ತಿದೆ, ಮಣ್ಣಿನ ಏರುಪೇರೋ, ನೀರು ನಿಂತದ್ದೋ. ಸರಾಸರಿಯೊಂದನ್ನೇ ನೋಡಿ ಮಾರುಹೋದವರನ್ನು ನಾನು ಸಂಶೋಧನೆಯಲ್ಲೂ ಕಂಡಿದ್ದೇನೆ.

ನಾಲ್ಕೂ ಪಟ್ಟಿ ಒಂದೇ ಕಡೆ ವಾಲಿದರೂ ಒಂದೇ ವರ್ಷಕ್ಕೆ ಕುಣಿಯಬೇಡಿ. ನಾಣ್ಯ ನಾಲ್ಕು ಸಲ ಚಿಮ್ಮಿದರೆ ನಾಲ್ಕೂ ಸಲ ತಲೆಯೇ ಬೀಳುವುದು ಹದಿನಾರಕ್ಕೊಮ್ಮೆ ಆಗಿಯೇ ಆಗುತ್ತದೆ. ಅದಕ್ಕೇ ಮೂರು ವರ್ಷ. ಅದೇ ಗೂಟ, ಅದೇ ತಾಕು, ಅದೇ ಗೊಬ್ಬರ. ಸುಣ್ಣವನ್ನು ಮಾತ್ರ ಮತ್ತೆ ಹಾಕಬೇಡಿ, ಮೊದಲ ವರ್ಷ ಹಾಕಿದ್ದೇ ನಿಧಾನವಾಗಿ ಕೆಲಸ ಮಾಡುತ್ತಿರುತ್ತದೆ. ಒಂದು ವರ್ಷ ಮಳೆ ಕೈಕೊಡುತ್ತದೆ, ಇನ್ನೊಂದು ವರ್ಷ ಬಿಡದೆ ಸುರಿಯುತ್ತದೆ. ಎರಡರಲ್ಲೂ ಸುಣ್ಣ ಮುಂದೆ ಬಂದರೆ ಆಗ ನಂಬಿ.

ಆಮೇಲೆ ದುಡ್ಡಿನ ಲೆಕ್ಕ. ಎಕರೆಗೆ ಎರಡು ಕ್ವಿಂಟಾಲ್ ಜೋಳ ಜಾಸ್ತಿ ಬಂತು ಅಂದರೆ ಅದರ ಬೆಲೆ ಒಂದು ಕಡೆ. ಸುಣ್ಣದ ಬೆಲೆ, ಗಾಡಿ ಬಾಡಿಗೆ, ಎರಚಿದ ಕೂಲಿ ಇನ್ನೊಂದು ಕಡೆ. ಸುಣ್ಣದ ಖರ್ಚು ಒಂದು ಸಲ, ಜೋಳ ಮೂರು ಕೊಯ್ಲಿನದು ಅನ್ನುವುದನ್ನು ಮರೆಯಬೇಡಿ. ಇಳುವರಿ ಜಾಸ್ತಿಯಾಗಿಯೂ ಲಾಭ ಬಾರದಿದ್ದರೆ ಹಾಕಬೇಡಿ. ಅದೂ ಒಳ್ಳೆಯ ಉತ್ತರವೇ.

ನಮ್ಮ ಹೊಲದಲ್ಲಿ ಮೂರು ವರ್ಷವೂ ಜೋಳ ಸುಣ್ಣದ ಕಡೆಗೇ ನಿಂತಿತು. ಹೋದ ಬೇಸಿಗೆಯಲ್ಲಿ ನಂಬರ್ ನೋಟ್‌ಬುಕ್ ಹಿಡಿದುಕೊಂಡು ಊರಿನ ನಾಲ್ಕು ಮನೆಗೆ ಹೋಗಿ ತೋರಿಸಿದೆ. ಒಬ್ಬರು, ಅಪ್ಪನ ಜೊತೆ ಆಲೂಗಡ್ಡೆ ಗಾಡಿ ಹೊಡೆದವರು, ಕನ್ನಡಕ ಹಾಕಿಕೊಂಡು ಅಂಕಿಗಳನ್ನೆಲ್ಲ ಒಂದೊಂದಾಗಿ ಓದಿದರು. "ಹಂಗಾದ್ರೆ ಆಲೂಗಡ್ಡೆ ಹಾಕೋ ವರ್ಷ ಬ್ಯಾಡ, ಜೋಳಕ್ಕೆ ಸರಿ, ಅಲ್ವೇನವ್ವ?" ಅಂದರು. ಅದನ್ನು ನಾನು ಇನ್ನೂ ಕೇಳಿ ನೋಡಿಲ್ಲ ಚಿಕ್ಕಪ್ಪ, ಜೋಳದ ಮಾತು ಮಾತ್ರ ಹೇಳಬಲ್ಲೆ ಅಂದೆ. ಜೋಳಕ್ಕೆ ಹಾಕಿದ ಸುಣ್ಣ ಎಷ್ಟು ವರ್ಷ ಮಣ್ಣಲ್ಲಿ ಉಳಿದು ಆಲೂಗಡ್ಡೆಗೆ ಕಜ್ಜಿ ತರುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಗೂಟ ಕಿತ್ತಿಲ್ಲ. ಈ ಮುಂಗಾರಿಗೆ ಅದೇ ಹನ್ನೆರಡು ತಾಕಿಗೆ ಆಲೂಗಡ್ಡೆ ಹಾಕಿದ್ದೇನೆ.